ನೆಲದ ಅಳತೆ

ಹದಿನಾರು ಅಡಿ ಉದ್ದ, ಹನ್ನೊಂದು ಅಗಲ,
ಬಾವಿಯ ಕಡೆಗೊಂದು ಕಂಕುಳ ಕೊರೆತ.
ಫೋಂಡಾದ ಈ ಬಾಡಿಗೆಮನೆಯ ಅಂಗಳವನ್ನು
ಟೇಪು ಹಿಡಿದು ಅಳೆದೆ,
ಯಾರದೋ ಮಗಳ ಮೊದಲ ಕಮ್ಯೂನಿಯನ್ನಿಗೆ
ಬಂದಿದ್ದ ಬಿಳಿ ಸ್ಯಾಟಿನ್ನಿನ ಮೇಲೆ
ನನ್ನ ಮಗ ಶಂಭು ಕೆಂಪು ಪಾದ ಊರಿದ ದಿನ.

ನಾನು ಎರೆಮಣ್ಣಿನ ಕಡೆಯವಳು.
ನಮ್ಮ ಮಣ್ಣು ಒಣಗಿದರೆ, ಕೊಡವಿದರೆ, ಹೋಗುತ್ತದೆ.
ಇಲ್ಲಿಯದು ಹಾಗಲ್ಲ,
ಮೂರು ಸಲ ಸೋಪು ಹಾಕಿದರೂ
ಬಟ್ಟೆಯೊಡನೆ ಸಂಸಾರ ಹೂಡುತ್ತದೆ.

ಮೇಲೆ ಹಲಸು, ಪಕ್ಕಕ್ಕೆ ಚಿಕ್ಕು.
ಬಿಸಿಲು ಬರುವುದು ಮಧ್ಯಾಹ್ನ ಅರ್ಧ ಗಂಟೆ,
ಅದೂ ಚಿಲ್ಲರೆಯಲ್ಲಿ.
ಕೆಳಗೆ ಮಾತ್ರ ಸಂತೆ:
ರವಿಕೆಯ ಗಿರಾಕಿಗಳು, ಉರುಳುವ ಗ್ಯಾಸಿನ ಸಿಲಿಂಡರು,
ಮೂರು ಮನೆಯ ಮಕ್ಕಳು, ಒಂದು ಚೆಂಡು, ಯಾರದೂ ಅಲ್ಲದ ನಾಯಿ,
ಸಕ್ಕರೆ ಕಾಯಿಲೆಗೆ ದಿನಕ್ಕೆ ನಲವತ್ತು ಸುತ್ತು
ನಡೆಯುವ ಅತ್ತೆ.

ನರ್ಸರಿಯ ಗಾವಡೆ ಹುಲ್ಲು ತಂದ,
ಬಟ್ಟೆಯ ಥಾನಿನಂತೆ ಸುತ್ತಿಕೊಂಡು.
ಹಾಸಿದ ದಿನ ಎಲ್ಲರೂ ಬರಿಗಾಲಲ್ಲಿ ನಿಂತೆವು, ಫೋಟೋ ತೆಗೆದೆವು.
ದೀಪಾವಳಿಯ ಹೊತ್ತಿಗೆ ಅದು
ಮೈಲಾರಿಯ ನೆತ್ತಿಯಂತಾಗಿತ್ತು.
(ಗಂಡ. ಈ ಸಾಲು ಅವನಿಗೆ ಓದಿ ಹೇಳಿಲ್ಲ.)

ಆಮೇಲೆ ಹಳದಿ ಹೂವಿನ ಬಳ್ಳಿ.
ಅದು ಬಿಸಿಲು ಹುಡುಕುತ್ತ ಬೇಲಿ ಹತ್ತಿ
ಎಸ್ಪೆರಾನ್ಸಬಾಯಿಯ ಕಡೆ ಹೋಗಿ ಹೂಬಿಟ್ಟಿತು.
ಮನೆಯೊಡತಿ ಥ್ಯಾಂಕ್ಯೂ ಹೇಳಿ ಹಪ್ಪಳ ಕಳಿಸಿದಳು.
ನೇರಳೆ ಎಲೆಯದೊಂದು ನೆಟ್ಟೆ,
ಚೆಂಡು ಬಿದ್ದಲ್ಲೆಲ್ಲ ಲಟಕ್ಕನೆ ಮುರಿಯಿತು.
ಸಿಮೆಂಟು ಸುರಿಯೋಣ ಎಂದ ಗಂಡ.
ಹಲಸಿನ ಬೇರು ಉಸಿರಾಡಲಿ, ಇಲ್ಲವಾದರೆ ನೀವು ಬೇರೆ ಮನೆ ನೋಡಿ,
ಎಂದಳು ಎಸ್ಪೆರಾನ್ಸಬಾಯಿ, ನಗುತ್ತಲೇ.

ಅತ್ತೆ ಮೂವತ್ತೊಂದನೆಯ ಸುತ್ತಿನಲ್ಲಿ ನಿಂತು ಅಂದರು:
"ಮಂದಿ ಅಡ್ಡಾಡೋ ಜಾಗಾದಾಗ ಹುಲ್ಲು ಬೆಳಿಯಂಗಿಲ್ಲವಾ.
ಬೆಳೀತಂದ್ರ, ಮಂದಿ ಬರೂದು ನಿಂತೈತಿ ಅಂತ ತಿಳಿ."

ನಾನು ಹೊಲಿಗೆ ಬಿಟ್ಟು ಕಿಟಕಿಯಲ್ಲಿ ಕೂತು ನೋಡಿದೆ.
ಇವರೆಲ್ಲ ಅಂಗಳದ ತುಂಬ ನಡೆಯುವುದಿಲ್ಲ!
ಗೇಟಿನಿಂದ ಮೆಟ್ಟಿಲಿಗೊಂದು ಗೆರೆ, ಬಾವಿಗೊಂದು,
ಅತ್ತೆಯದೊಂದು ಮೊಟ್ಟೆಯಾಕಾರ.
ಮಿಕ್ಕಿದ್ದನ್ನು ಯಾರೂ ತುಳಿದೇ ಇಲ್ಲ,
ಸುಮ್ಮನೆ ಬೋಳು.

ಮತ್ತೆ, ಮೆಟ್ಟಿಲ ಹಿಂದೆ,
ಅತ್ತೆ ದಿನಾ ಅಕ್ಕಿ ತೊಳೆದ ನೀರು ಚೆಲ್ಲುವಲ್ಲಿ
ಯಾರೂ ನೆಡದ ದುಂಡನೆಯ ಎಲೆ.
ಏಕ್‌ಪಾನಿ, ಎಂದಳು ಎಸ್ಪೆರಾನ್ಸಬಾಯಿ.
ಒಂದೆಲಗ.
ಬಗ್ಗಿ ನೋಡಿದರೆ ಅದರ ಬಳ್ಳಿ
ಒಂದು ಗೆಣ್ಣು ನೆಲಕ್ಕೆ, ಒಂದು ಹಾರಿ, ಮತ್ತೆ ನೆಲಕ್ಕೆ.
ಕಚ್ಚಾ ಹೊಲಿಗೆ!
ಇಪ್ಪತ್ತು ವರ್ಷದಿಂದ ನಾನು ಹಾಕುತ್ತ ಬಂದದ್ದೇ.

ಚಾಕಿನಿಂದ ಮಣ್ಣಿನ ಮೇಲೆ ಗುರುತು ಹಾಕಿದೆ.
ತುಳಿಯುವಲ್ಲಿ ಚಿರೇಕಲ್ಲು, ತುಳಿಯದಲ್ಲಿ ಒಂದೆಲಗ.
ಕಲ್ಲಿಂದ ಕಲ್ಲಿಗೆ ಯಾರ ಹೆಜ್ಜೆಯ ಅಳತೆ?
ಅತ್ತೆಯದನ್ನೇ ಹಿಡಿದೆ.
ಉದ್ದ ಕಾಲಿನವರು ಎರಡೆರಡು ದಾಟಲಿ,
ಸಣ್ಣದಾದರೆ ಬಿಚ್ಚಿ ಹೊಲಿಯಬೇಕು, ದೊಡ್ಡದಾದರೆ ಹಿಡಿಯಬಹುದು.

ಚಿರೇಕಲ್ಲೂ ಕೆಂಪೇ ಎಂದು ಹೊಳೆದದ್ದು
ಹಮಾಲಿ ಕೊಟ್ಟು ಕಳಿಸಿದ ಮೇಲೆ.
ಬಾಗಿಲಿಗೊಂದು ಗೋಣಿಚೀಲ ಹಾಸಿದ್ದೇನೆ.
ಬಿಳಿ ಬಟ್ಟೆ ಈಗ ಅಟ್ಟದ ಮೇಲೆ.

ಒಂದೂವರೆ ಮಳೆಗಾಲ ಕಳೆಯಿತು.
ಒಂದೆಲಗ ಬಾವಿಯವರೆಗೆ ಬಂದಿದೆ,
ವಾರಕ್ಕೊಮ್ಮೆ ಚಟ್ನಿಯೂ ಆಗುತ್ತದೆ,
ಶಂಭು ಅದನ್ನು ನಾಯಿಗೆ ಹಾಕುತ್ತಾನೆ,
ನಾಯಿ ಮುಖ ತಿರುಗಿಸುತ್ತದೆ.
ಚಿಕ್ಕುವಿನ ಬುಡದಲ್ಲಿ ಮಾತ್ರ, ಮಕ್ಕಳು ಬೌಲಿಂಗಿಗೆ
ಕಾಲೂರಿ ತಿರುಗುವಲ್ಲಿ, ತಟ್ಟೆಯಷ್ಟು ನೆಲ
ಏನು ಮಾಡಿದರೂ ಮುಚ್ಚುವುದಿಲ್ಲ.

ಮೊದಮೊದಲು ತೇಪೆ ಹಾಕಲು ನೋಡಿದೆ.
ಈಗ ಅದನ್ನು ಕಾಜಾ ಅಂದುಕೊಂಡಿದ್ದೇನೆ,
ಬೇಕೆಂದೇ ಕತ್ತರಿಸಿ, ಸುತ್ತ ಹೊಲಿದು, ಬಿಡುವಂಥದ್ದು.